ಗೈನಕಾಲಜಿಸ್ಟ್ ಆಗಲು ಒಟ್ಟು ಎಷ್ಟು ವರ್ಷ ಓದಬೇಕು?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಹೆರಿಗೆ ಡಾಕ್ಟರೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಎಷ್ಟು ವರ್ಷ ಬೇಕಾಗುತ್ತೆ ಮೇಡಂ? ಅಷ್ಟೊಂದು ಓದು ಬೇಕಾ?

ಬೇಕಮ್ಮ. ಲೆಕ್ಕ ಸುಲಭ. ಎಂಬಿಬಿಎಸ್ 4.5 ವರ್ಷ, ಇಂಟರ್ನ್‌ಶಿಪ್ 1 ವರ್ಷ, ಆಮೇಲೆ ಓಬಿಜಿಯಲ್ಲಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಎಂಎಸ್ ಅನ್ನುವ ಸ್ನಾತಕೋತ್ತರ ಡಿಗ್ರಿ 3 ವರ್ಷ. ಕೂಡಿದರೆ 8.5. ಆದರೆ ಇಂಟರ್ನ್‌ಶಿಪ್ ಮುಗಿದ ಮೇಲೆ ನೀಟ್ ಪಿಜಿಗೆ, ಅಂದರೆ ಎಂಎಸ್ ಸೀಟಿನ ಪ್ರವೇಶ ಪರೀಕ್ಷೆಗೆ, ಓದುತ್ತಾ ಒಂದು ವರ್ಷ ಮನೆಯಲ್ಲಿ ಕೂರುವುದು ಮಾಮೂಲಿ, ಕೆಲವರಿಗೆ ಎರಡೂ ಆಗುತ್ತದೆ. ಹಾಗಾಗಿ ಹತ್ತು ವರ್ಷ ಅಂದುಕೊಂಡೇ ಹೊರಡಿ.

ಮೊದಲ ಬಾಗಿಲು ನೀಟ್ ಯುಜಿ, ಎಂಬಿಬಿಎಸ್ ಸೀಟಿನ ಪ್ರವೇಶ ಪರೀಕ್ಷೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 180 ಪ್ರಶ್ನೆ, 720 ಅಂಕ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಸುಮ್ನೆ ಗುರುತು ಹಾಕಿ ಬರಬಾರದು. ಕನ್ನಡದಲ್ಲೂ ಬರೆಯಬಹುದು, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮ್ಮ ರಾಜ್ಯದ ಸೀಟುಗಳನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ.

ಎಂಬಿಬಿಎಸ್‌ನಲ್ಲೂ ಓಬಿಜಿ ಒಂದು ದೊಡ್ಡ ವಿಷಯ. ಇಂಟರ್ನ್ ಆದಾಗ ಲೇಬರ್ ವಾರ್ಡಿನಲ್ಲಿ ಡ್ಯೂಟಿ ಇರುತ್ತದೆ. ನಿಮ್ಮ ಮಗಳಿಗೆ ಇದು ನಿಜವಾಗಿ ಇಷ್ಟವಾ ಅನ್ನುವುದು ಗೊತ್ತಾಗುವುದೇ ಅಲ್ಲಿ, ಅಲ್ಲಿಯವರೆಗೆ ಅವಳ ಹಟವನ್ನು ಒಪ್ಪಿಕೊಳ್ಳಿ, ಆದರೆ ಅದೇ ಕೊನೆಯ ಮಾತು ಅಂತ ಕಟ್ಟಿಹಾಕಬೇಡಿ. ಹೃದಯದ ಡಾಕ್ಟರ್ ಆಗಬೇಕು ಅಂತ ಬಂದವರು ಓಬಿಜಿ ಹಿಡಿದದ್ದೂ ಇದೆ, ಹೆರಿಗೆ ನೋಡಿ ಬೇರೆ ಕಡೆ ಹೋದವರೂ ಇದ್ದಾರೆ.

ಡಾಕ್ಟರ ಬೋರ್ಡಿನ ಮೇಲೆ ಹೆಸರಿನ ಮುಂದಿರುವ ಡಿಗ್ರಿ ಅಕ್ಷರಗಳ ಬಗ್ಗೆ ತುಂಬಾ ಗೊಂದಲ ಇದೆ. ಮೊದಲು ಈ ವಿಷಯದಲ್ಲಿ ಎಂಡಿಯೂ ಇತ್ತು, ಈಗ ಎಂಎಸ್. ಡಿಎನ್‌ಬಿ (ನ್ಯಾಷನಲ್ ಬೋರ್ಡ್ ಕೊಡುವ ಡಿಗ್ರಿ) ಕೂಡ 3 ವರ್ಷದ್ದೇ, ಮಾನ್ಯತೆಯೂ ಎಂಎಸ್‌ನಷ್ಟೇ, ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಡಿಜಿಓ ಅನ್ನುವುದು 2 ವರ್ಷದ ಡಿಪ್ಲೊಮಾ. ಅದನ್ನು ಮುಗಿಸಿದವರು ಇನ್ನೂ 2 ವರ್ಷ ಓದಿ ಡಿಎನ್‌ಬಿ ಮಾಡಬಹುದು.

ಈಗ ಆ ಮೂರು ವರ್ಷದ ವಿಷಯಕ್ಕೆ ಬರುತ್ತೇನೆ. ಈ ಕೆಲಸ ಪುಸ್ತಕದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಎರಡು ಬೆರಳಲ್ಲೇ ನೋಡಬೇಕು, ಕಣ್ಣಿಗೆ ಏನೂ ಕಾಣುವುದಿಲ್ಲ. ಮೊದಲ ತಿಂಗಳು ನಾನು ನಾಲ್ಕು ಸೆಂಟಿಮೀಟರ್ ಅಂದರೆ ಸೀನಿಯರ್ ಅಕ್ಕ ನೋಡಿ ಆರು ಅನ್ನುತ್ತಿದ್ದರು. ಒಂದು ರಾತ್ರಿ ಮೂರು ಗಂಟೆಗೆ ಮಗು ಹುಟ್ಟಿತು, ಕಸವೂ (ಮಾಸು, ಪ್ಲಾಸೆಂಟಾ) ಬಿತ್ತು, ಎಲ್ಲ ಮುಗಿಯಿತು ಅಂತ ನಾನು ಕೇಸ್ ಶೀಟ್ ಎತ್ತಿಕೊಂಡೆ. ಅಕ್ಕ ನನ್ನ ಕೈ ಹಿಡಿದು ಬಾಣಂತಿಯ ಹೊಟ್ಟೆ ಮೇಲೆ ಇಟ್ಟರು. ಮೆತ್ತಗಿತ್ತು. "ಉಜ್ಜು, ಕ್ರಿಕೆಟ್ ಬಾಲ್ ಥರ ಗಟ್ಟಿ ಆಗೋವರೆಗೂ ಕೈ ತೆಗೀಬೇಡ" ಅಂದರು. ಹೆರಿಗೆ ಆದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿದರೆ ಮಾತ್ರ ಒಳಗಿನ ರಕ್ತನಾಳಗಳು ಒತ್ತಿಕೊಂಡು ರಕ್ತ ನಿಲ್ಲುತ್ತದೆ, ಮೆತ್ತಗೇ ಉಳಿದರೆ ಕೆಲವೇ ನಿಮಿಷದಲ್ಲಿ ತಾಯಿ ಕೈತಪ್ಪಿ ಹೋಗಬಹುದು. ಸ್ವಲ್ಪ ಹೊತ್ತಿಗೆ ಅದು ನನ್ನ ಅಂಗೈ ಕೆಳಗೇ ಗಟ್ಟಿಯಾಯಿತು. ಈಗಲೂ ಪ್ರತಿ ಹೆರಿಗೆ ಆದ ಮೇಲೆ ನನ್ನ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ.

ಅದಕ್ಕೇ ಪಿಜಿ ಸೀಟು ಆರಿಸುವಾಗ ಕಟ್ಟಡ ನೋಡಬೇಡಿ, ಹೆರಿಗೆಗಳ ಸಂಖ್ಯೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಥರದ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನಿದ್ದೆ ಕಮ್ಮಿ, ಕಲಿಕೆ ಜಾಸ್ತಿ. ಇದರ ಜೊತೆಗೆ ಥೀಸಿಸ್ ಬರೆಯಬೇಕು, ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಬಂಜೆತನ, ಕ್ಯಾನ್ಸರ್ ಆಪರೇಷನ್, ಗರ್ಭದಲ್ಲಿರುವ ಮಗುವಿನ ಸ್ಕ್ಯಾನಿಂಗ್ ಇವೆಲ್ಲ ಅದಾದ ಮೇಲಿನ ಓದು, ಈಗಲೇ ತಲೆಕೆಡಿಸಿಕೊಳ್ಳಬೇಡಿ.

ಇನ್ನೊಂದು ಮಾತು. ಬೇನೆ, ಮಾಸು, ಬಿಳಿ ಮುಟ್ಟು, ಗರ್ಭಕೋಶ ಜಾರುವುದು ಇಂಥ ಮಾತುಗಳನ್ನು ಮಗಳು ನಾಚಿಕೆ ಇಲ್ಲದೆ ಕೇಳಿಸಿಕೊಳ್ಳಲು, ಆಡಲು ಕಲಿಯಲಿ. ಹಳ್ಳಿಯಿಂದ ಬಂದ ಅಜ್ಜಿ ವರ್ಷಗಟ್ಟಲೆ ಮುಚ್ಚಿಟ್ಟ ತೊಂದರೆಯನ್ನು ಹೇಳುವುದು ಅವಳದೇ ಮಾತಿನಲ್ಲಿ, ಅದೂ ಸೊಸೆ ಹೊರಗೆ ಹೋದ ಮೇಲೆ.

ಮದುವೆ ವಯಸ್ಸು ದಾಟಿಬಿಡುತ್ತಲ್ಲ ಅನ್ನುವ ಚಿಂತೆ ನಿಮ್ಮ ಪ್ರಶ್ನೆಯ ಹಿಂದೆ ಇದ್ದರೆ, ಅದನ್ನೂ ಹೇಳಿಬಿಡುತ್ತೇನೆ. ಪಿಜಿ ಮಾಡುವಾಗಲೇ ಮದುವೆಯಾಗಿ, ಬಸುರಿ ಹೊಟ್ಟೆ ಹೊತ್ತುಕೊಂಡೇ ಬೇರೆಯವರ ಹೆರಿಗೆ ಮಾಡಿಸಿದ ಗೆಳತಿಯರು ನನಗಿದ್ದಾರೆ. ಅವರಿಗೆ ಆಗ ಬೇಕಾಗಿದ್ದು ಮಗು ನೋಡಿಕೊಳ್ಳುವ ಒಬ್ಬರು. ಆ ಕೆಲಸಕ್ಕೆ ನೀವು ಸಿದ್ಧ ಇದ್ದರೆ ಇವತ್ತೇ ಮಗಳಿಗೆ ಹೇಳಿಬಿಡಿ.