ಅದು ಚಿಮಣಿ ಅಲ್ಲ

ಲಂಡನ್ನಿಗೆ ಹೋದ ಪರಿಚಯದವರು ಆಗಾಗ ಒಂದು ಫೋಟೋ ಕಳಿಸುತ್ತಾರೆ. ಕ್ಯೂ ಬ್ರಿಡ್ಜ್ ಹತ್ತಿರದ ಹಳೇ ಪಂಪ್‌ಹೌಸು, ಪಕ್ಕದಲ್ಲಿ ಸುಮಾರು 60 ಮೀಟರ್ ಎತ್ತರದ ಇಟ್ಟಿಗೆ ಗೋಪುರ. "ಎಂಥಾ ಚಿಮಣಿ ನೋಡಿ ಸಾರ್" ಅಂತ ಬರೆದಿರುತ್ತಾರೆ. ಅದು ಚಿಮಣಿ ಅಲ್ಲ. ಅದರೊಳಗೆ ಹರಿಯುತ್ತಿದ್ದದ್ದು ನೀರು. ಪಂಪುಗಳ ಜೊತೆಗೇ ಕೆಲಸ ಮಾಡುವ ನನಗೆ ಆ ಇಡೀ ಜಾಗದಲ್ಲಿ ಜಾಸ್ತಿ ಇಷ್ಟ ಅದೇ.

ಗ್ರ್ಯಾಂಡ್ ಜಂಕ್ಷನ್ ಅನ್ನೋ ಖಾಸಗಿ ನೀರಿನ ಕಂಪನಿ 1838ರಲ್ಲಿ ಇಲ್ಲಿ ಕೆಲಸ ಶುರು ಮಾಡಿತು. 1846ರಲ್ಲಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಿಂದ ಒಂದು ದೈತ್ಯ ಉಗಿ ಎಂಜಿನ್ ಬಂತು. ಅದರ ಸಿಲಿಂಡರಿನ ಅಗಲವೇ 90 ಇಂಚು. ಒಂದು ಏಟಿಗೆ, ಅಂದರೆ ಪಂಪು ಒಂದು ಸಲ ಏರಿ ಇಳಿದರೆ, 2,000 ಲೀಟರಿಗೂ ಜಾಸ್ತಿ ನೀರು.

ಸ್ವಾರಸ್ಯ ಏನು ಗೊತ್ತಾ? ಈ ಎಂಜಿನ್ನಿನಲ್ಲಿ ಉಗಿ ನೀರನ್ನು ನೂಕುವುದೇ ಇಲ್ಲ. ಹಳ್ಳಿಯ ಏತ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಉಗಿಯು ಎಂಜಿನ್ನಿನ ತೊಲೆಯ ಒಂದು ತುದಿಯನ್ನು ಕೆಳಗೆ ಒತ್ತುತ್ತದೆ, ಆಗ ಇನ್ನೊಂದು ತುದಿಯಲ್ಲಿ ತೂಗುವ ಟನ್‌ಗಟ್ಟಲೆ ಭಾರ ಮೇಲೇಳುತ್ತದೆ, ಆಮೇಲೆ ಆ ಭಾರ ತನ್ನ ತೂಕಕ್ಕೇ ನಿಧಾನವಾಗಿ ಇಳಿಯುತ್ತಾ ನೀರನ್ನು ಪೈಪಿಗೆ ಒತ್ತುತ್ತದೆ. ನಿಧಾನಕ್ಕೆ ಇಳಿಯಬೇಕೆಂದರೆ ಎದುರಿಗೆ ನೀರಿನ ಒತ್ತಡ ಇರಲೇಬೇಕು. ಊರೊಳಗೆ ಎಲ್ಲೋ ಮುಖ್ಯ ಪೈಪು ಒಡೆಯಿತು ಅಂದುಕೊಳ್ಳಿ, ಒತ್ತಡ ಹೋಯಿತು, ಭಾರ ದಢಾರನೆ ಬಿತ್ತು, ಎಂಜಿನ್ ಪುಡಿಪುಡಿ.

ಗೋಪುರ ಇರುವುದು ಅದಕ್ಕೇ. 1867ರಲ್ಲಿ ಕಟ್ಟಿದ್ದು. ಪಂಪಿನಿಂದ ಬಂದ ನೀರು ಮೊದಲು ಅದರೊಳಗಿನ ನಿಂತ ಪೈಪುಗಳಲ್ಲಿ ಮೇಲೆ ಹತ್ತಿ, ಇಳಿದು, ಆಮೇಲೆ ಊರಿಗೆ. ಹೊರಗೆ ಏನೇ ಒಡೆದರೂ ಎಂಜಿನ್ನಿಗೆ ಅದೇ ಎತ್ತರದ ನೀರಿನ ಎದುರು ಬಲ ಸಿಗುತ್ತಿತ್ತು. ಒಂದೊಂದು ಏಟಿಗೂ ಪೈಪಿಗೆ ಬೀಳುವ ಹೊಡೆತವನ್ನೂ ಅದು ಮೆತ್ತಗೆ ಮಾಡುತ್ತಿತ್ತು. ನಮ್ಮಲ್ಲೂ ಕರೆಂಟು ಹೋಗಿ ಪಂಪು ನಿಂತಾಗ ರೈಸಿಂಗ್ ಮೇನಿನಲ್ಲಿ (ನೀರನ್ನು ಮೇಲಕ್ಕೆ ಒಯ್ಯುವ ಮುಖ್ಯ ಪೈಪಿನಲ್ಲಿ) ಢಂ ಅನ್ನುತ್ತದಲ್ವಾ, ಆ ಹೊಡೆತಕ್ಕೆ ವಾಲ್ವ್ ಸೀಳಿದ್ದನ್ನು ನಾನೇ ಕಂಡಿದ್ದೇನೆ. ಅದನ್ನು ತಡೆಯಲು ಇವತ್ತು ನಾವು ಹಾಕುವ ಸರ್ಜ್ ಟ್ಯಾಂಕು ಈ ಗೋಪುರದ ನೆಂಟನೇ.

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಎತ್ತುವ ನೀರು ಸರಿಯಿರಬೇಕು. ಮೊದಲು ಇಲ್ಲೇ ಥೇಮ್ಸ್‌ನಿಂದ ಎತ್ತುತ್ತಿದ್ದರು. ಉಬ್ಬರ ಇಳಿತ ಇರುವ ನದಿ, ಊರಿನ ಕೊಳೆ ಅದರ ಜೊತೆಗೇ ಹಿಂದೆ ಮುಂದೆ ಆಡುತ್ತಿತ್ತು. 1852ರ ಕಾನೂನು ಅದನ್ನು ನಿಲ್ಲಿಸಿತು. 1855ರಿಂದ ನೀರು ನದಿಯ ಮೇಲ್ಗಡೆ, ಉಬ್ಬರ ತಲುಪದ ಹ್ಯಾಂಪ್ಟನ್‌ನಿಂದ ಬರತೊಡಗಿತು.

ಉಗಿ ಎಂಜಿನ್ನುಗಳು 1944ರವರೆಗೆ ದುಡಿದವು. 1975ರಲ್ಲಿ ಆ ಪಂಪ್‌ಹೌಸು ಮ್ಯೂಸಿಯಂ ಆಯಿತು. ಹೋದರೆ ಫೋಟೋ ತೆಗೆದು ಸುಮ್ನೆ ಹೊರಡಬೇಡಿ, ಒಳಗೆ ಹೋಗಿ ಆ 90 ಇಂಚಿನ ಸಿಲಿಂಡರಿನ ಪಕ್ಕ ಐದು ನಿಮಿಷ ನಿಲ್ಲಿ.