ರಥದ ರೂಪಕ: ಮನಸ್ಸು ಕುದುರೆಯಲ್ಲ, ಲಗಾಮು

ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೆಯ ವಲ್ಲಿಯಲ್ಲಿ (ಭಾಗದಲ್ಲಿ) ಯಮನು ನಚಿಕೇತನಿಗೆ ಹೇಳುವ ರಥದ ರೂಪಕವನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ, ಆದರೆ ತಪ್ಪಾಗಿ ನೆನಪಿಟ್ಟುಕೊಂಡಿದ್ದೇವೆ. ‘ಮನಸ್ಸೆಂಬ ಕುದುರೆ’ ಎಂಬುದು ರೂಢಿಯ ಮಾತು. ಮೂಲದಲ್ಲಿ (1.3.3–4) ಆತ್ಮನು ರಥಿಕ, ಶರೀರವು ರಥ, ಬುದ್ಧಿಯು ಸಾರಥಿ, ಇಂದ್ರಿಯಗಳು ಕುದುರೆಗಳು, ಇಂದ್ರಿಯಗಳನ್ನು ಸೆಳೆಯುವ ವಿಷಯಗಳು ಅವು ಓಡುವ ದಾರಿ, ಮನಸ್ಸಾದರೋ ‘ಪ್ರಗ್ರಹ’, ಅಂದರೆ ಲಗಾಮು.

ಈ ವ್ಯತ್ಯಾಸ ಸಣ್ಣದಲ್ಲ. ಕುದುರೆಗೆ ತನ್ನದೇ ಹಟವಿದೆ, ಲಗಾಮಿಗೆ ಇಲ್ಲ. ಅದರ ಒಂದು ತುದಿ ಕುದುರೆಯ ಬಾಯಲ್ಲಿಯೂ ಇನ್ನೊಂದು ತುದಿ ಸಾರಥಿಯ ಕೈಯಲ್ಲಿಯೂ ಇರುವುದರಿಂದ ಎರಡು ಕಡೆಯ ಸೆಳೆತವೂ ಅದರ ಮೂಲಕವೇ ಹಾಯುತ್ತದೆ. ಆದ್ದರಿಂದ ಮನಸ್ಸು ಅಲೆಯುತ್ತಿದೆ ಎಂದು ನಾವು ಹಳಿಯುವಾಗ, ಲಗಾಮು ಹಿಡಿಯಬೇಕಾದ ಕೈ ಎಲ್ಲಿದೆ ಎಂದು ಮೊದಲು ಕೇಳಬೇಕಾಗುತ್ತದೆ. ಐದನೆಯ ಮಂತ್ರದ ಪದಕ್ರಮವೂ ಇದಕ್ಕೆ ಒಪ್ಪುತ್ತದೆ: ಮೊದಲು ‘ಅವಿಜ್ಞಾನವಾನ್’, ಅಂದರೆ ವಿವೇಕವಿಲ್ಲದವನು, ಬಳಿಕ ಹತೋಟಿಯಿಲ್ಲದ ಮನಸ್ಸು, ದುಷ್ಟಾಶ್ವಗಳ ಮಾತು ಬರುವುದು ಕೊನೆಗೆ. ಕುದುರೆಗಳನ್ನು ಬಿಚ್ಚಿಬಿಡಿ ಎಂದು ಯಮನು ಎಲ್ಲಿಯೂ ಹೇಳುವುದಿಲ್ಲ, ಏಕೆಂದರೆ ಒಂಬತ್ತನೆಯ ಮಂತ್ರ ಹೇಳುವಂತೆ ದಾರಿಯ ಕೊನೆ ಮುಟ್ಟಬೇಕಾದರೆ ರಥ ಓಡಲೇಬೇಕು.

ಭಗವದ್ಗೀತೆಯ ವಿಷಯ ಬೇರೆ. ಉಪನಿಷತ್ತು ತನ್ನ ರೂಪಕವನ್ನು ತಾನೇ ಬಿಡಿಸಿ ಹೇಳಿದರೆ, ಕುರುಕ್ಷೇತ್ರವನ್ನು ಅಂತರಂಗದ ಯುದ್ಧವೆಂದು ಓದುವವರು ಓದುಗರು. ಹಾಗೆ ಓದಿದವರಲ್ಲಿ ಗಾಂಧೀಜಿ ಪ್ರಮುಖರು. ನನಗೆ ಈ ಓದು ಒಪ್ಪಿಗೆಯೇ, ಆದರೆ ಒಂದು ಎಚ್ಚರ ಬೇಕು. ಕೌರವ ಸೇನೆಯೆಲ್ಲ ನಮ್ಮ ಕೆಟ್ಟ ಯೋಚನೆಗಳು, ಅವನ್ನು ಕೊಲ್ಲಬೇಕು ಎಂದು ನೇರವಾಗಿ ಸಮೀಕರಿಸಿದರೆ, ಮನಸ್ಸನ್ನು ಗೆದ್ದವನಿಗೆ ಬಂಧುವಾಗುವುದೂ ಗೆಲ್ಲದವನಿಗೆ ಶತ್ರುವಿನಂತೆ ವರ್ತಿಸುವುದೂ ಆ ಒಂದೇ ಮನಸ್ಸು ಎಂದು ಹೇಳುವ ಆರನೆಯ ಅಧ್ಯಾಯದ ಆರನೆಯ ಶ್ಲೋಕಕ್ಕೆ ಜಾಗವೇ ಉಳಿಯುವುದಿಲ್ಲ. ಬಂಧುವಾಗಬಲ್ಲದ್ದನ್ನು ಕೊಲ್ಲುವುದು ಹೇಗೆ? ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ಅರ್ಜುನ ಹೇಳಿದಾಗ (6.34) ಕೃಷ್ಣನು ಅದನ್ನು ಅಲ್ಲಗಳೆಯದೆ, ಅಭ್ಯಾಸ ಮತ್ತು ವೈರಾಗ್ಯದಿಂದ ಅದು ಹಿಡಿತಕ್ಕೆ ಬರುತ್ತದೆ ಎನ್ನುತ್ತಾನೆ. ಪತಂಜಲಿಯ ಯೋಗಸೂತ್ರವೂ (1.12) ಇದೇ ಜೋಡಿಯನ್ನು ಹೇಳುತ್ತದೆ, ಈ ಎರಡು ಮಾತುಗಳಲ್ಲಿಯೂ ಆಯುಧದ ಸುಳಿವಿಲ್ಲ.

ಅಭ್ಯಾಸ ಎಲ್ಲಿಂದ ತೊಡಗಬೇಕು ಎಂಬುದಕ್ಕೆ ಮತ್ತೆ ಕಠಕ್ಕೇ ಬರಬೇಕು. ಹದಿಮೂರನೆಯ ಮಂತ್ರವು ಮಾತನ್ನು ಮನಸ್ಸಿನಲ್ಲಿಯೂ, ಮನಸ್ಸನ್ನು ಬುದ್ಧಿಯಲ್ಲಿಯೂ, ಅದನ್ನು ‘ಮಹತ್ತು’ ಎಂಬ ವಿಶ್ವಬುದ್ಧಿಯಲ್ಲಿಯೂ, ಕೊನೆಗೆ ಎಲ್ಲವನ್ನೂ ಶಾಂತವಾದ ಆತ್ಮನಲ್ಲಿಯೂ ಅಡಗಿಸಬೇಕೆನ್ನುತ್ತದೆ. ಮೇಲಿನ ಮೆಟ್ಟಿಲುಗಳು ನಮ್ಮಂಥವರಿಗೆ ದೂರ. ಮೊದಲನೆಯದು ಮಾತ್ರ ಕೈಗೆಟಕುತ್ತದೆ: ನಾಲಿಗೆಯ ತುದಿಗೆ ಬಂದ ಎದುರುತ್ತರವನ್ನು ಆಡದೆ ಮನಸ್ಸಿಗೇ ಹಿಂದಿರುಗಿಸಿ, ಅಲ್ಲಿ ಅದು ಏನು ಮಾಡುತ್ತದೆ ಎಂದು ನೋಡುವುದು.