ವಿಸ್ತರಣೆ ಬೇರೆ, ನವೀಕರಣ ಬೇರೆ

ಕೋವಿಡ್ ಕಾಲದ ಸಾರಿಗೆ ಆದೇಶಗಳ ಮಾತು ಬಂದಾಗಲೆಲ್ಲ, ಕೇಂದ್ರ ಸರ್ಕಾರ ಆಗ ಎಲ್ಲರ ಎಲ್‌ಎಲ್‌ಆರ್ (ಕಲಿಯುವವರ ಪರವಾನಗಿ) ಮತ್ತು ಡಿಎಲ್ (ಚಾಲನಾ ಪರವಾನಗಿ)ಗಳನ್ನು ‘ನವೀಕರಿಸಿತು’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಆ ಆದೇಶಗಳಿಂದ ಒಂದು ಪರವಾನಗಿಯೂ ನವೀಕರಣಗೊಳ್ಳಲಿಲ್ಲ. ಆದದ್ದು ವಿಸ್ತರಣೆ, ಅದೂ ಒಂದು ಬಗೆಯ ವಿಸ್ತರಣೆ ಮಾತ್ರ.

ವಿಸ್ತರಣೆಯ ಮೂಲದಲ್ಲಿರುವುದು ಹಾಸು, ಹರಡು ಎಂಬ ಅರ್ಥದ ‘ಸ್ತೃ’ ಧಾತು. ವಿಸ್ತಾರ, ವಿಸ್ತೀರ್ಣ, ವಿಸ್ತೃತ ಎಲ್ಲವೂ ಅದರಿಂದಲೇ ಹುಟ್ಟಿದವು. ಪಾಣಿನಿ ಇಲ್ಲೊಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ: ‘ಪ್ರಥನೇ ವಾವಶಬ್ದೇ’ ಎಂಬ ಸೂತ್ರದ ಪ್ರಕಾರ ವಸ್ತುವಿನ ಹರವಿಗೆ ‘ವಿಸ್ತಾರ’ ಎನ್ನಬೇಕು, ಮಾತಿನ ಹರವಿಗೆ ‘ವಿಸ್ತರ’ ಎನ್ನಬೇಕು. ಆ ಲೆಕ್ಕಕ್ಕೆ ‘ಸವಿಸ್ತಾರವಾಗಿ ವಿವರಿಸಿದರು’ ಎನ್ನುವುದೂ ತಪ್ಪಾಗುತ್ತದೆ. ಆದರೆ ಕನ್ನಡ ಆ ಗೆರೆಯನ್ನು ಅಳಿಸಿ ಬಹಳ ಕಾಲವಾಗಿರುವುದರಿಂದ ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ನವೀಕರಣದ ಬಗ್ಗೆ. ಶುದ್ಧೀಕರಣ, ಸ್ಪಷ್ಟೀಕರಣಗಳಲ್ಲಿ ಇರುವಂತೆ ಇಲ್ಲಿರುವುದೂ ‘ಚ್ವಿ’ ಪ್ರತ್ಯಯ, ಅಂದರೆ ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವುದು. ಹಳತಾದದ್ದು ಹೊಸತಾಗದೆ ನವೀಕರಣವಿಲ್ಲ. ಅರ್ಜಿ, ಶುಲ್ಕ, ಪರಿಶೀಲನೆ, ಕೊನೆಗೆ ಹೊಸ ದಿನಾಂಕವುಳ್ಳ ಕಾರ್ಡು, ಇಷ್ಟು ನಡೆದರೆ ಅದು ನವೀಕರಣ. ವಿಸ್ತರಣೆಯಲ್ಲಿ ಕಾಗದ ಹಳೆಯದೇ ಆಗಿರುತ್ತದೆ, ಅದರ ಗಡುವು ಮಾತ್ರ ಮುಂದಕ್ಕೆ ಸರಿಯುತ್ತದೆ.

ರಸ್ತೆ ಸಾರಿಗೆ ಸಚಿವಾಲಯ 2020ರ ಮಾರ್ಚ್ 30ರಂದು ರಾಜ್ಯಗಳಿಗೆ ಕಳುಹಿಸಿದ್ದು ಸಲಹಾ ರೂಪದ ಸುತ್ತೋಲೆ. 2020ರ ಫೆಬ್ರುವರಿ 1ರ ನಂತರ ಅವಧಿ ಮುಗಿದ, ಲಾಕ್‌ಡೌನ್‌ನಿಂದಾಗಿ ಮುಂದುವರಿಸಿಕೊಳ್ಳಲಾಗದ ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ), ಪರ್ಮಿಟ್, ಚಾಲನಾ ಪರವಾನಗಿ, ನೋಂದಣಿ ಮತ್ತಿತರ ದಾಖಲೆಗಳನ್ನು ಜೂನ್ 30ರವರೆಗೆ ಸಿಂಧುವೆಂದು ಪರಿಗಣಿಸಬಹುದು ಎಂಬುದು ಅದರ ಸಾರ. ಆ ಗಡುವು ಬಳಿಕ ಸೆಪ್ಟೆಂಬರ್ 30ಕ್ಕೆ, ಡಿಸೆಂಬರ್ 31ಕ್ಕೆ, 2021ರ ಮಾರ್ಚ್ 31ಕ್ಕೆ, ಜೂನ್ 30ಕ್ಕೆ, ಸೆಪ್ಟೆಂಬರ್ 30ಕ್ಕೆ, ಕಡೆಗೆ ಅಕ್ಟೋಬರ್ 31ಕ್ಕೆ ಸರಿಯುತ್ತ ಹೋಯಿತು. ಇದರಲ್ಲಿ ಪದಪ್ರಿಯರು ಗಮನಿಸಬೇಕಾದ ಒಂದು ತೊಡಕಿದೆ. ಫೆಬ್ರುವರಿ 10ಕ್ಕೆ ಅವಧಿ ಮುಗಿದಿದ್ದ ಪರವಾನಗಿ ಮಾರ್ಚ್ 30ರ ಹೊತ್ತಿಗೆ ಕಾನೂನಿನ ದೃಷ್ಟಿಯಲ್ಲಿ ಸತ್ತು ಹೋಗಿತ್ತು. ಸತ್ತದ್ದನ್ನು ವಿಸ್ತರಿಸುವುದು ಹೇಗೆ? ಆದ್ದರಿಂದಲೇ ಸುತ್ತೋಲೆ ‘ಪರಿಗಣಿಸು’ ಎಂಬ ಕ್ರಿಯಾಪದವನ್ನು ಆಶ್ರಯಿಸಿತು. ಪರಿಗಣನೆ ಎಂದರೆ, ಅದು ಹಾಗಿಲ್ಲ ಎಂದು ಗೊತ್ತಿದ್ದೂ ಹಾಗಿದೆ ಎಂದು ನಡೆದುಕೊಳ್ಳುವುದು. ಇದು ವಿಸ್ತರಣೆಗೆ ಹತ್ತಿರ, ನವೀಕರಣಕ್ಕೆ ದೂರ.

ಕಲಿಯುವವರ ಮಟ್ಟಿಗೆ ಈ ವ್ಯತ್ಯಾಸ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 14ನೆಯ ಪ್ರಕರಣದಂತೆ ಎಲ್‌ಎಲ್‌ಆರ್‌ನ ಆಯುಸ್ಸು ಆರೇ ತಿಂಗಳು. ಅದು ಸಿಕ್ಕಿದ 30 ದಿನಗಳ ನಂತರವಷ್ಟೇ ಚಾಲನಾ ಪರೀಕ್ಷೆಗೆ ಹಾಜರಾಗಲು ಅವಕಾಶ. 2019ರ ಅಕ್ಟೋಬರ್ 11ರಂದು ಕೊಟ್ಟ ಎಲ್‌ಎಲ್‌ಆರ್ ಒಂದನ್ನು ಎತ್ತಿಕೊಳ್ಳೋಣ. ಅದರ ಮೇಲೆ ಅಚ್ಚಾಗಿರುವ ಕೊನೆಯ ದಿನ 2020ರ ಏಪ್ರಿಲ್ 10. ಸುತ್ತೋಲೆಗಳ ಬಲದಿಂದ ಅದು 2021ರ ಅಕ್ಟೋಬರ್ ಕೊನೆಯವರೆಗೆ, ಎಂದರೆ ಎರಡು ವರ್ಷಕ್ಕೂ ಮಿಕ್ಕಿ ಬಾಳಬಹುದಾಗಿತ್ತು. ಆದರೂ ಹಾಳೆಯ ಮೇಲಿನ ಏಪ್ರಿಲ್ 10 ಹಾಗೆಯೇ ಉಳಿದಿತ್ತು. ಮಡಚಿ ಮಡಚಿ ಸವೆದ ಆ ಹಾಳೆಯನ್ನಷ್ಟೇ ನೋಡಿದ ಪೇದೆಗೆ ಅದು ಮುಗಿದ ಕಾಗದವಾಗಿಯೇ ಕಂಡರೆ ಅಚ್ಚರಿಯಿಲ್ಲ; ವಿಸ್ತರಣೆ ಇದ್ದದ್ದು ಹಾಳೆಯ ಮೇಲಲ್ಲ, ಸುತ್ತೋಲೆಯಲ್ಲಿ. ಪಕ್ಕದಲ್ಲಿ ಪರವಾನಗಿ ಇರುವವರು ಕೂತಿರಬೇಕು, ಬಿಳಿಯ ಫಲಕದ ಮೇಲೆ ಕೆಂಪು ‘ಎಲ್’ ಇರಬೇಕು ಎಂಬ ನಿಯಮಗಳಂತೂ ಅಷ್ಟು ಕಾಲವೂ ಹಾಗೆಯೇ ಜಾರಿಯಲ್ಲಿದ್ದವು.

ರೈಲಿನ ವಿಷಯಕ್ಕೆ ಬಂದರೆ ಗೊಂದಲ ಇನ್ನೊಂದು ದಿಕ್ಕಿನದು. ಪರವಾನಗಿಯಲ್ಲಿ ವಿಸ್ತರಣೆಯಾದದ್ದು ಅನುಮತಿ, ರೈಲಿನಲ್ಲಿ ವಿಸ್ತರಣೆಯಾದದ್ದು ಸ್ಥಗಿತ. 2020ರ ಮಾರ್ಚ್ 22ರಂದು ಪ್ರಯಾಣಿಕ ರೈಲುಗಳನ್ನು ಅದೇ ತಿಂಗಳ 31ರವರೆಗೆ ನಿಲ್ಲಿಸಲಾಯಿತು; ಬಳಿಕ ಆ ನಿಲುಗಡೆ ಏಪ್ರಿಲ್ 14ಕ್ಕೆ, ಮೇ 3ಕ್ಕೆ, ಮೇ 17ಕ್ಕೆ ಬೆಳೆಯಿತು. ಸರಕು ರೈಲುಗಳು ಆಗಲೂ ಓಡುತ್ತಿದ್ದವು. ಇಂಥ ಸಂದರ್ಭದಲ್ಲಿ ‘ರೈಲು ಸೇವೆ ವಿಸ್ತರಣೆ’ ಎಂದು ತಲೆಬರಹ ಕೊಟ್ಟರೆ ಓದುಗ ಏನೆಂದು ತಿಳಿಯಬೇಕು? ನಿಲುಗಡೆ ಮುಂದುವರಿಯಿತು ಎಂದೋ, ವಿಶೇಷ ರೈಲಿನ ಓಡಾಟದ ಅವಧಿ ಹೆಚ್ಚಿತು ಎಂದೋ, ಅಥವಾ ಆ ರೈಲು ಇನ್ನು ಮುಂದಿನ ಊರಿನವರೆಗೂ ಹೋಗುತ್ತದೆ ಎಂದೋ? ಧಾತುವಿನ ಅರ್ಥಕ್ಕೆ ನಿಷ್ಠವಾದದ್ದು ಈ ಕೊನೆಯದು ಎಂಬುದನ್ನು ಹೇಳದೆ ಇರಲಾರೆ. ಏನನ್ನು ವಿಸ್ತರಿಸಲಾಯಿತು ಎಂಬ ಒಂದು ಪದ ಸೇರಿಸಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ.

ವಿಸ್ತರಣೆಗೆ ಮೊದಲು ಒಂದು ಅಂಚು ಇರಲೇಬೇಕು. 2020ರ ಆಗಸ್ಟ್ 11ರಂದು ರೈಲ್ವೆಯು ಮಾಮೂಲಿ ರೈಲುಗಳ ಸ್ಥಗಿತ ‘ಮುಂದಿನ ಸೂಚನೆಯವರೆಗೆ’ ಇರುತ್ತದೆ ಎಂದು ಪ್ರಕಟಿಸಿದ ಮೇಲೆ ಆ ಅಂಚೇ ಇಲ್ಲವಾಯಿತು. ಅಲ್ಲಿಂದಾಚೆಗೆ ಸ್ಥಗಿತವು ಮತ್ತೆ ವಿಸ್ತರಣೆಯಾಯಿತೆಂದು ಬರೆದದ್ದೆಲ್ಲ ಅರ್ಥವಿಲ್ಲದ್ದು. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಹೊತ್ತು ‘ವಿಶೇಷ’ಗಳಾಗಿ ಓಡುತ್ತಿದ್ದ ರೈಲುಗಳನ್ನು ಹಳೆಯ ಸಂಖ್ಯೆಗೆ ಮರಳಿಸುವ ಆದೇಶ 2021ರ ನವೆಂಬರ್ 12ರಂದು ಹೊರಟಿತು. ಅದಕ್ಕೆ ಮರುಸ್ಥಾಪನೆ ಎಂಬ ಪದ ಸಾಕು. ಅದನ್ನೂ ನವೀಕರಣ ಎಂದು ಕರೆಯುವುದು ಬೇಡ.